ಲಾವಾ ಸರ್ ಮತ್ತು ಇಂದಿರಾನಗರದ ಹೊಂಡ

ಬೆಂಗಳೂರಿನಲ್ಲಿ ಜ್ವಾಲಾಮುಖಿ ಇಲ್ಲ ಎಂಬುದನ್ನು ಅವರು ತಮಗಾದ ಅನ್ಯಾಯ ಎಂದೇ ತಿಳಿದಿದ್ದರು. "ಏನ್ ಊರು ರೀ ಇದು ಮೇಡಂ" ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದರು, ನಾನೇನೋ ಪಾಲಿಕೆಯ ಕಮಿಷನರ್ ಎಂಬಂತೆ. "ಮೆಟ್ರೊ ಇದೆ, ಫ್ಲೈಓವರ್ ಇದೆ, ಕೆರೇಲಿ ನೊರೆ ಕೂಡ ಬರುತ್ತೆ. ಒಂದು ಸಣ್ಣ ಜ್ವಾಲಾಮುಖಿ ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

ಹೋದ ತಿಂಗಳು ಅವರು ತೀರಿಕೊಂಡರು. ಕ್ಯಾಂಟೋನ್ಮೆಂಟಿನ ಒಂದು ಹಳೆಯ ಕಾಲೇಜಿನಲ್ಲಿ ಅವರು ಭೂವಿಜ್ಞಾನದ ಮೇಷ್ಟ್ರು, ನಾನು ಕನ್ನಡದವಳು. ಹುಡುಗರು ಅವರಿಗೆ ಲಾವಾ ಸರ್ ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರು ಬರೆದರೆ ಅವರ ಹೆಂಡತಿ, ನಾನು ಭಾಭಿ ಎಂದು ಕರೆಯುವವರು, ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. "ಈಗಲಾದ್ರೂ ಅವ್ರನ್ನ ಸುಮ್ನೆ ಬಿಡಿ ಮೇಡಂ" ಎಂದಿದ್ದಾರೆ. ಹೆಸರು ಬಿಟ್ಟಿದ್ದೇನೆ. ಸುಮ್ಮನೆ ಬಿಡುವುದು ಮಾತ್ರ ನನ್ನ ಕೈಲಾಗದು.

ನಾನು ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ಗೋರಂಟಿ ಬಣ್ಣದ ಗಡ್ಡದ ಒಬ್ಬ ಸಣಕಲು ಮನುಷ್ಯ ನಿಂತು ಕಲ್ಲು ನೆಕ್ಕುತ್ತಿದ್ದರು. ಬೇರೆ ಯಾರೂ ತಲೆ ಎತ್ತಿ ಸಹ ನೋಡಲಿಲ್ಲ. ನನ್ನ ಬಾಯಿ ಆಗಲೂ ಹೀಗೆಯೇ, "ರುಚಿ ಹೇಗಿದೆ ಸರ್?" ಎಂದು ಕೇಳಿಬಿಟ್ಟೆ.

"ರುಚಿಗಲ್ಲ ಮೇಡಂ, ಬಣ್ಣಕ್ಕೆ. ಒದ್ದೆ ಆದ್ರೆ ಒಳಗಿನ ಕಣ ಎಲ್ಲಾ ಕಾಣುತ್ತೆ. ನೀವೂ ನೋಡ್ತೀರಾ?" ಎಂದು ನೆಕ್ಕಿದ ಕಲ್ಲನ್ನೇ ನನ್ನ ಮುಂದೆ ಹಿಡಿದರು.

"ಬೇಡ ಸರ್, ಇವತ್ತು ಏಕಾದಶಿ, ಉಪವಾಸ."

"ಏಕಾದಶಿ ನಾಡಿದ್ದಲ್ವಾ?" ಎಂದರು. ಅವರ ತಂದೆಗೆ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇತ್ತಂತೆ. ಯಾವ ದಿನಕ್ಕೆ ತುಳಸಿ ತರಿಸಬೇಕು, ಯಾವ ದಿನಕ್ಕೆ ಸೇವಂತಿಗೆ ಎಂಬ ಲೆಕ್ಕದಲ್ಲಿ ಬೆಳೆದವರಿಗೆ ಪಂಚಾಂಗ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವತ್ತಿನಿಂದ ಅವರಿಗೆ ಸುಳ್ಳು ಹೇಳುವಾಗ ನಾನು ಸ್ವಲ್ಪ ಯೋಚನೆ ಮಾಡುತ್ತಿದ್ದೆ.

"ಭೂಮಿಯ ಒಳಗೆ ಏನಿದೆ?" ಎಂದು ಮೊದಲ ತರಗತಿಯಲ್ಲಿ ಕೇಳುವುದು ಅವರ ಪದ್ಧತಿ. ಪ್ರತಿ ವರ್ಷವೂ ಯಾರಾದರೊಬ್ಬ ಎದ್ದು "ಬೆಂಕಿ ಸಮುದ್ರ ಸರ್, ಕೊತಕೊತ ಕುದೀತಿರುತ್ತೆ" ಎನ್ನುತ್ತಿದ್ದ. ಅವರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಯಾರೋ ನಿಂಗೆ ಹೇಳಿದ್ದು? ಒಳಗೆ ಬಹುಪಾಲು ಇರೋದು ಗಟ್ಟಿ ಕಲ್ಲೇ. ಕೆಂಡಕ್ಕಿಂತ ಬಿಸಿ, ಆದ್ರೆ ಮೇಲಿರೋ ಭಾರಕ್ಕೆ ಕರಗೋಕೆ ಆಗ್ತಿಲ್ಲ. ಆ ಕಲ್ಲು ನಿಧಾನಕ್ಕೆ ಮೇಲೆ ಬರ್ತಾ ಬರ್ತಾ ಭಾರ ಕಮ್ಮಿ ಆಗುತ್ತೆ ನೋಡು, ಆವಾಗ ಅದ್ರಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತೆ. ಜ್ವಾಲಾಮುಖಿಯ ಬಂಡವಾಳ ಅಷ್ಟೇ." ಪಕ್ಕದ ಕೋಣೆಯಲ್ಲಿ ಹಳಗನ್ನಡ ಪಾಠ ಮಾಡುತ್ತಿದ್ದ ನನಗೆ ಗೋಡೆಯಾಚೆಯಿಂದ ಇದು ಕೇಳಿ ಕೇಳಿ ಬಾಯಿಪಾಠವಾಗಿತ್ತು. ನನ್ನ ಹುಡುಗರಿಗೂ ಆಗಿತ್ತು. ಹಳಗನ್ನಡ ಮಾತ್ರ ಆಗಲಿಲ್ಲ.

ಭಾರ ಇಳಿದರೆ ಏನಾಗುತ್ತದೆ ಎಂಬುದನ್ನು ಮನೆಗೆ ಬಂದ ವಿದ್ಯಾರ್ಥಿಗಳಿಗೆ ತೋರಿಸಲು ಹೋಗಿ ಒಮ್ಮೆ ಕುದಿಯುತ್ತಿದ್ದ ಪ್ರೆಷರ್ ಕುಕ್ಕರಿನ ವೆಯ್ಟನ್ನು ಇಕ್ಕಳದಲ್ಲಿ ಎತ್ತಿಬಿಟ್ಟಿದ್ದರು. ಒಳಗಿದ್ದ ತೊಗರಿಬೇಳೆಯ ಅರ್ಧ ಚಾವಣಿಗೆ ಹೋಯಿತು. ಯಾರಿಗೂ ಏಟಾಗಲಿಲ್ಲ. ಆದರೆ ಆಮೇಲೆ ಭಾಭಿ ಸುಣ್ಣ ಹೊಡೆಸಲು ಹೊರಟರೆ ಇವರು ಬಿಡಲೊಲ್ಲರು. ಒಲೆಯ ಮೇಲಿನ ಚಾವಣಿಯಲ್ಲಿ ಕಲೆ ದಪ್ಪ, ಬಾಗಿಲಿನ ಕಡೆಗೆ ಬರುಬರುತ್ತ ತೆಳು. ಕಿಟಕಿಯ ಗಾಳಿ ಯಾವ ಕಡೆಗೆ ಬೀಸಿತ್ತೋ ಆ ಕಡೆಗೆ ಉದ್ದಕ್ಕೆ ಎಳೆದುಕೊಂಡಿದೆ. ಜ್ವಾಲಾಮುಖಿಯ ಬೂದಿ ಬೀಳುವುದು ಹೀಗೆಯೇ ಎಂದು ಮುಂದಿನ ಎಲ್ಲಾ ಬ್ಯಾಚುಗಳನ್ನೂ ಕರೆತಂದು ಅಡುಗೆಮನೆಯಲ್ಲಿ ನಿಲ್ಲಿಸಿ ತಲೆ ಎತ್ತಿಸಿದರು.

"ನಮ್ ಮನೆಗೆ ಬಂದೋರೆಲ್ಲ ನನ್ ಸೀರೆ ನೋಡಲ್ಲ, ಶೋಕೇಸ್ ನೋಡಲ್ಲ. ಬೇಳೆ ನೋಡ್ತಾರೆ" ಎಂದು ಭಾಭಿ ನನ್ನ ಹತ್ತಿರ ಅತ್ತೇಬಿಟ್ಟಿದ್ದರು. ಆ ಮನೆಯಲ್ಲಿ ಮಕ್ಕಳಿರಲಿಲ್ಲ, ಕಲ್ಲುಗಳಿದ್ದವು. ಫ್ರೇಜರ್ ಟೌನಿನ ಆ ಎರಡು ಕೋಣೆಯಲ್ಲಿ ಮಂಚದ ಕೆಳಗೆ, ಕಪಾಟಿನ ಮೇಲೆ, ಒಮ್ಮೆ ಅಕ್ಕಿಡಬ್ಬಿಯಲ್ಲೂ ಕಲ್ಲು. ಬಾಡಿಗೆ ಮನೆ ಬದಲಿಸುವಾಗ ಸಾಮಾನು ಎತ್ತುವವರು ಟ್ರಂಕು ಎತ್ತಿ, "ಒಳಗೇನಿದೆ ಸಾಬ್, ಹೆಣಾನಾ?" ಎಂದು ಕೇಳಿದ್ದರಂತೆ.

ರಂಜಾನಿನ ಸಂಜೆಗಳಲ್ಲಿ ಅವರು ನನ್ನನ್ನು ಮಾಂಸ, ಗೋಧಿಯ ಹಲೀಮ್ ಬೇಯುವ ಹಂಡೆಗಳ ಮುಂದೆ ಕರೆದೊಯ್ದು ನಿಲ್ಲಿಸುತ್ತಿದ್ದರು. ನಾನು ತಿನ್ನುವವಳಲ್ಲ, ಅವರಿಗೂ ಆಗ ತಿನ್ನುವುದು ಮುಖ್ಯವಲ್ಲ. "ಗುಳ್ಳೆ ನೋಡಿ ಮೇಡಂ" ಎನ್ನುತ್ತಿದ್ದರು. ತೆಳ್ಳಗಿನ ಸಾರಿನಲ್ಲಿ ಗಾಳಿ ಸುಮ್ಮನೆ ಎದ್ದು ಹೋಗುತ್ತದೆ, ಗಟ್ಟಿ ಹಲೀಮಿನಲ್ಲಿ ಸಿಕ್ಕಿಹಾಕಿಕೊಂಡು ಕೊನೆಗೆ ಫಟ್ಟೆಂದು ಸಿಡಿಯುತ್ತದೆ, ಹಾಗಾಗಿ ಬಾಣಸಿಗನ ಮೊಣಕೈವರೆಗೂ ಬೊಬ್ಬೆ. ಜ್ವಾಲಾಮುಖಿಗಳಲ್ಲಿಯೂ ಎರಡು ಜಾತಿಯಂತೆ. ತೆಳು ಲಾವಾದ ಬೆಟ್ಟ ಹರಿಯುತ್ತದೆ, ಮನೆ ಹೊಲ ಸುಡುತ್ತದೆ, ಆದರೆ ಸಾಮಾನ್ಯವಾಗಿ ಜನ ನಡೆದುಕೊಂಡೇ ತಪ್ಪಿಸಿಕೊಳ್ಳಬಹುದು. ಗಟ್ಟಿ ಪಾಕದ ಬೆಟ್ಟ ಎಷ್ಟೋ ಕಾಲ ಬಾಯಿ ಮುಚ್ಚಿ ಕೂತು ಒಂದು ದಿನ ಊರನ್ನೇ ಎತ್ತಿಕೊಂಡು ಹೋಗುತ್ತದೆ. ಇದನ್ನು ಅವರು ನಮ್ಮ ಸ್ಟಾಫ್ ರೂಮಿಗೂ ಅನ್ವಯಿಸಿದ್ದರು. "ನೀವು ತೆಳು ಮೇಡಂ. ದಿನಾ ಹರೀತೀರಿ, ಯಾರೂ ಸಾಯಲ್ಲ. ಆ ಮ್ಯಾಥ್ಸ್‌ನವರು ಮೂಲೇಲಿ ಮಾತಾಡ್ದೇ ಕೂತಿರ್ತಾರಲ್ಲ, ಅವ್ರ ಹತ್ರ ಹುಷಾರು." ಮುಂದೆ ಒಂದು ದಿನ ಮ್ಯಾಥ್ಸಿನವರು ಪ್ರಿನ್ಸಿಪಾಲರ ಮೇಜಿನ ಗಾಜು ಒಡೆದಾಗ ಇವರೊಬ್ಬರೇ ಸಮಾಧಾನವಾಗಿ ಟೀ ಕುಡಿಯುತ್ತಿದ್ದರು.

ನಾನು ಮಹದೇವಪುರದಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಬಿಲ್ಡರನ ಹುಡುಗಿ ಈಜುಕೊಳ, ಜಿಮ್ಮು ಎಂದು ತೋರಿಸುತ್ತಿದ್ದರೆ ಇವರು ಗೇಟಿನಾಚೆ ಹೋಗಿ ನೆಲದ ಇಳಿಜಾರು ನೋಡುತ್ತ ನಿಂತರು. "ಬೇಡ ಮೇಡಂ. ಇದು ಕೆರೆಯಿಂದ ಕೆರೆಗೆ ನೀರು ಹೋಗೋ ದಾರಿ. ಜ್ವಾಲಾಮುಖಿ ಇರೋ ಊರಲ್ಲೂ ಹಿಂಗೇ. ಲಾವಾಗೆ ಹೆದರ್ತಾರೆ, ಹೊಳೆ ದಾರೀಲಿ ಮನೆ ಕಟ್ತಾರೆ. ಬೂದಿ ಮೇಲೆ ಮಳೆ ಬಿತ್ತು ಅಂದ್ರೆ ಆ ಹೊಳೇಲಿ ನೀರಲ್ಲ, ಕಾಂಕ್ರೀಟ್ ಬಂದಂಗೆ ಕೆಸರು ಬರುತ್ತೆ." ಮಹದೇವಪುರದಲ್ಲಿ ಬೂದಿ ಎಲ್ಲಿಂದ ಬರಬೇಕು ಎಂದು ನಾನು ಫ್ಲ್ಯಾಟ್ ಕೊಂಡೇಬಿಟ್ಟೆ. ಒಂದು ಮಳೆಗಾಲ ನೀರು ನುಗ್ಗಿ ನನ್ನನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ಟ್ರ್ಯಾಕ್ಟರಿನ ಮೇಲೆ ಕೂತಿರುವಾಗಲೇ ಅವರ ಫೋನು. ನಾನು ಹೇಳಿರಲಿಲ್ಲವಾ ಎನ್ನುತ್ತಾರೆಂದು ಹಲ್ಲು ಕಚ್ಚಿ ಎತ್ತಿಕೊಂಡೆ. "ಕೆಸರು ಎಷ್ಟು ದಪ್ಪ ಕೂತಿದೆ ಮೇಡಂ? ಸ್ಕೇಲ್ ಇದ್ರೆ ಅಳೆದು ಹೇಳಿ" ಎಂದರು.

ಒಂದು ವಿಷಯಕ್ಕೆ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಬೆಟ್ಟ ಹೊಗೆಯಾಡುತ್ತಿದೆ, ನೆಲ ನಡುಗುತ್ತಿದೆ ಎಂದು ತಿಳಿದವರು ಹೇಳಿದರೂ ಜನ ಗಾಬರಿಯಾಗುತ್ತಾರೆ ಎಂದು ಅಧಿಕಾರಿಗಳು ಸುದ್ದಿ ಮುಚ್ಚಿಡುವುದುಂಟಂತೆ. ಆ ಪಾಠ ಮಾಡುವಾಗ ಅವರ ದನಿ ಏರುತ್ತಿತ್ತು. "ಗಾಬರಿ ಆದೋನು ಓಡ್ತಾನೆ. ಏನೂ ಗೊತ್ತಿಲ್ದೇ ಇರೋನು ಮನೇಲೇ ಇರ್ತಾನೆ. ಯಾರು ಉಳೀತಾರೆ ಹೇಳಿ." ಅಟೆಂಡರ್ ಕೂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಇಷ್ಟೆಲ್ಲ ಆಗಿ ಅವರು ಹೊಗೆ ಉಗುಳುವ ಬೆಟ್ಟವೊಂದನ್ನು ಜೀವಮಾನದಲ್ಲಿ ಕಣ್ಣಾರೆ ಕಂಡವರಲ್ಲ. ಹೋಗಿ ಬನ್ನಿ ಎಂದರೆ ಮಾತು ಹಾರಿಸುತ್ತಿದ್ದರು. "ಮೇಲೆ ಬಂದಿದ್ದನ್ನ ಎಲ್ರೂ ನೋಡ್ತಾರೆ ಮೇಡಂ. ಮೇಲೆ ಬರೋಕೆ ಆಗ್ದೇ ಇದ್ದಿದ್ದನ್ನ ಯಾರು ನೋಡ್ತಾರೆ?" ಬೆಂಗಳೂರಿನ ನೆಲದಡಿ ಇರುವುದು ಬಹುಮಟ್ಟಿಗೆ ಬಿಳಿಬೂದು ಪಟ್ಟೆಗಳ ಹಳೆಯ ಕಲ್ಲು. ಇನ್ನೂರು ಕೋಟಿ ವರ್ಷಕ್ಕೂ ಹಿಂದೆ ಆ ಕಲ್ಲು ಅಲ್ಲಲ್ಲಿ ಉದ್ದುದ್ದ ಬಿರುಕು ಬಿಟ್ಟು, ಆಳದಿಂದ ಕರಗಿದ ಪಾಕ ಬಿರುಕಿನೊಳಗೆ ಏರಿ, ಒಳಗೇ ಆರಿ, ಕರಿಕಲ್ಲಿನ ಗೋಡೆಯಾಗಿ ನಿಂತಿದೆಯಂತೆ. ಅದಕ್ಕೆ ಡೈಕ್ ಎನ್ನುತ್ತಾರೆ. ಇಂಥ ಗೋಡೆಗಳು ಸುತ್ತಮುತ್ತ ಎಷ್ಟೋ ಇದ್ದರೂ ಒಂದರ ಮೇಲೆ ಮಾತ್ರ ಅವರ ಜೀವ. ಹಲಸೂರಿನಲ್ಲಿ ಹಳೆಯ ಮನೆ ಕೆಡವಿ ಪಾಯ ತೆಗೆದಾಗ ಕರಿಕಲ್ಲು ಕಂಡಿದ್ದರು. ವರ್ಷಗಳ ನಂತರ ಕೆ.ಆರ್. ಪುರದ ಕಡೆ ರಸ್ತೆ ಅಗೆದಾಗ ಅಂಥದೇ ಕರಿಕಲ್ಲು, ಅದೇ ದಿಕ್ಕಿಗೆ. ಎರಡೂ ಒಂದೇ ಗೋಡೆ ಎಂಬುದು ಅವರ ನಂಬಿಕೆ. ಶಿವಾಜಿನಗರದ ಚಹಾದಂಗಡಿಯಲ್ಲಿ ಲೋಟ ಹಲಸೂರು, ಬಿಸ್ಕತ್ತಿನ ತಟ್ಟೆ ಕೆ.ಆರ್. ಪುರ, ನಡುವೆ ಬೆರಳಿನಿಂದ ಚಹಾದ ಗೆರೆ ಎಳೆದು, "ಇಂದಿರಾನಗರದಲ್ಲಿ ಒಂದು ಸಲ ಸಿಕ್ಬಿಟ್ರೆ ಸಾಕು" ಎನ್ನುತ್ತಿದ್ದರು. ಅಂಗಡಿಯವನು ಬಂದು ಗೆರೆಯನ್ನು ಒರೆಸಿಕೊಂಡು ಹೋಗುತ್ತಿದ್ದ.

ಹಾಗಾಗಿ ಊರಲ್ಲಿ ಎಲ್ಲಿ ಹೊಂಡ ತೋಡಿದರೂ ಅವರು ಹಾಜರಾಗಲೇಬೇಕು. ಕಾಂಕ್ರೀಟು ಬಿದ್ದರೆ ಮುಗಿಯಿತು, ನೂರು ವರ್ಷ ಆ ನೆಲ ಮತ್ತೆ ಕಾಣುವುದಿಲ್ಲ. ಒಮ್ಮೆ ನಾವಿಬ್ಬರೂ ಮಾರುಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಾಗ, ಬಸ್ಸು ಸಿಗ್ನಲ್ಲಿನಲ್ಲಿ ನಿಂತದ್ದೇ ತಡ, ಇವರು ಈರುಳ್ಳಿ ಚೀಲ ನನ್ನ ತೊಡೆಯ ಮೇಲೆ ಹಾಕಿ ಇಳಿದೇಬಿಟ್ಟರು. ಕಿಟಕಿಯಿಂದ ನೋಡಿದರೆ ಒಂದು ಹೊಂಡದ ಅಂಚಿನಲ್ಲಿ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಾರೆ, ತಲೆಗೆ ಹಳದಿ ಹೆಲ್ಮೆಟ್ ಏರಿದೆ, ಅದು ಯಾವಾಗಲೂ ಚೀಲದಲ್ಲಿರುತ್ತಿತ್ತು. ಕೆಲಸದವರೆಲ್ಲ ಎದ್ದು ನಿಂತಿದ್ದಾರೆ. ಹೆಲ್ಮೆಟ್ಟು, ಗಡ್ಡ, ಮಾತಾಡದ ಗಾಂಭೀರ್ಯ ನೋಡಿ ಎಲ್ಲರೂ ಅವರನ್ನು ದೊಡ್ಡ ಅಧಿಕಾರಿ ಎಂದುಕೊಳ್ಳುತ್ತಿದ್ದರು. ಒಬ್ಬ ಕಂಟ್ರಾಕ್ಟರ್ ಬೆವರುತ್ತ, "ಪ್ಲ್ಯಾನ್ ಪ್ರಕಾರಾನೇ ಇದೆ ಸರ್, ಒಂದಡಿ ಮಾತ್ರ ಹೆಚ್ಚು ಕಮ್ಮಿ" ಎಂದು ತಾನಾಗಿಯೇ ಒಪ್ಪಿಕೊಂಡಿದ್ದನಂತೆ.

ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಅವರ ಚಹಾದ ಗೆರೆಯ ಮೇಲೆ ಸರಿಯಾಗಿ, ಒಂದು ಹಳೆಯ ಬಂಗಲೆ ಇತ್ತು. ಅದು ಮಾರಾಟವಾಗಿ ಕೆಡವುವುದನ್ನು ಮಾಲೀಕನ ಮಕ್ಕಳಿಗಿಂತ ಹೆಚ್ಚಿನ ಆಸೆಯಿಂದ ಇವರು ಕಾದಿದ್ದರು. ನಿವೃತ್ತರಾದ ಮೇಲೆ ಬೆಳಗಿನ ವಾಕಿಂಗ್ ಕೂಡ ಆ ಗೇಟಿನವರೆಗೆ. ಕೊನೆಗೆ ಹೋದ ವರ್ಷ ಬಂಗಲೆ ಬಿತ್ತು, ಮೂರಂತಸ್ತಿನ ನೆಲಮಾಳಿಗೆಗೆ ಅಗೆಯತೊಡಗಿದರು. ಇವರು ದಿನಾ ಹೋಗಿ ನಿಂತರು. ಮಣ್ಣು ಮುಗಿದು ಇನ್ನೇನು ಕಲ್ಲು ಸಿಗಬೇಕು ಎನ್ನುವ ವಾರ ಎದೆ ಹಿಡಿದುಕೊಂಡು ಕುಸಿದು ಆಸ್ಪತ್ರೆ ಸೇರಿದರು.

ಡಾಕ್ಟರು ಕಾರಿಡಾರಿನಲ್ಲಿ ಭಾಭಿಗೂ ನನಗೂ ಬಿಡಿಸಿ ಹೇಳಿದರು. ಹೃದಯ ತುಂಬಾ ಸೋತಿದೆ, ಕಿಡ್ನಿಯೂ ಸರಿಯಿಲ್ಲ. ಆಪರೇಷನ್ ಮಾಡಿದರೆ ಗೆದ್ದರೆ ಗೆದ್ದ ಹಾಗೆ, ಟೇಬಲ್ಲಿನ ಮೇಲೇ ಹೋಗುವ ಸಂಭವವೂ ಅಷ್ಟೇ ಇದೆ. ಬರೀ ಮಾತ್ರೆಯ ಮೇಲೆ ಇಟ್ಟರೆ ಕೆಲವು ತಿಂಗಳು, ಅದೃಷ್ಟವಿದ್ದರೆ ಇನ್ನಷ್ಟು. ಭಾಭಿ, "ಆಪರೇಷನ್ ಮಾಡಿ. ಅವ್ರಿಗೆ ಮಾತ್ರ ಹೇಳೋದು ನಕ್ಕೋ, ಬೇಡ" ಎಂದರು. ನಾನೂ ತಲೆಯಾಡಿಸಿದೆ. ಅವರಿಗೆ ಹೇಳಿದ್ದು, ಸಣ್ಣ ಆಪರೇಷನ್, ವಾರದಲ್ಲಿ ಮನೆ.

ಅವರಿಗೆ ಅದರ ಗೊಡವೆಯೇ ಇರಲಿಲ್ಲ. "ಮೇಡಂ, ಅಲ್ಲಿ ಕಲ್ಲು ಕಂಡಿರುತ್ತೆ. ಈ ವಾರ ಕಾಂಕ್ರೀಟ್ ಹಾಕ್ತಾರೆ. ನನ್ ಬದ್ಲು ನೀವು ಹೋಗಿ ನೋಡಿ. ಆಪರೇಷನ್‌ಗೆ ಮುಂಚೆ ನಂಗೆ ಗೊತ್ತಾಗ್ಬೇಕು" ಎಂದು ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ನಾನು ಹೊರಟಾಗ ಭಾಭಿಯೂ ಬಂದರು. ಗಂಡನ ಜೊತೆ ಒಂದು ದಿನವೂ ಯಾವ ಹೊಂಡಕ್ಕೂ ಹೋದವರಲ್ಲ. ಅಲ್ಲಿನ ಮೇಸ್ತ್ರಿ ಕಲಬುರಗಿ ಕಡೆಯವನು. ನಮ್ಮನ್ನು ನೋಡಿ, "ಟೊಪಗಿ ಸಾಹೇಬ್ರು ಯಾಕ ಬರ್ಲಿಲ್ರಿ ಅಮ್ಮಾರ?" ಎಂದು ಕೇಳಿದ. ಹುಷಾರಿಲ್ಲ ಎಂದೆವು. "ಛೇ. ಇಲ್ಲಿ ತಳದಾಗ ಕಲ್ಲು ಹತ್ಯದ ನೋಡ್ರಿ. ನಾಡಿದ್ದು ಕಾಂಕ್ರೀಟ್ ಹಾಕ್ತೀವಿ" ಎಂದು ನಮ್ಮನ್ನು ಏಣಿಯ ಹತ್ತಿರ ಕರೆದುಕೊಂಡು ಹೋದ. ಬಗ್ಗಿ ನೋಡಿದೆವು. ಹೊಂಡದ ಈ ಮೂಲೆಯಿಂದ ಆ ಮೂಲೆಯವರೆಗೆ ಬಿಳಿಬೂದು ಪಟ್ಟೆ ಕಲ್ಲು. ಕರಿ ಎಂಬುದು ಒಂದು ಗೆರೆಯೂ ಇಲ್ಲ. ನಾನು ಮೇಸ್ತ್ರಿಯನ್ನು ಎರಡೆರಡು ಸಲ ಕೇಳಿದೆ. "ಇಲ್ರೀ, ಎಲ್ಲಾ ಇದೇ ಅದ" ಎಂದ.

ಆಟೊ ಹಲಸೂರು ದಾಟಿದ ಮೇಲೆ ಭಾಭಿ, "ಇದನ್ನ ಕೇಳಿದ್ರೆ ಅವ್ರ ಎದೆ ಅಲ್ಲೇ ನಿಲ್ಲುತ್ತೆ ಮೇಡಂ. ಮನೇಲಿ ಕರಿಕಲ್ಲಿಗೇನು ಬರನಾ? ಒಂದು ತಗೊಂಡು ಹೋಗೋಣ" ಎಂದರು. ನನಗೂ ಇದು ಮಹಾ ಬುದ್ಧಿವಂತಿಕೆ ಎಂದೇ ಅನಿಸಿತು. ಟ್ರಂಕಿನ ತಳದಿಂದ ಮುಷ್ಟಿಗಾತ್ರದ ಕರಿಕಲ್ಲೊಂದನ್ನು ತೆಗೆದು, ಹೊಸದಾಗಿ ಅಗೆದಂತೆ ಕಾಣಲೆಂದು ತುಳಸಿಕುಂಡದ ಮಣ್ಣು ಬಳಿದೆವು. ತುಳಸಿ ಪಕ್ಕದ ಮನೆಯವರದು. ಭಾಭಿ ಇನ್ನೂ ಸ್ವಲ್ಪ ಬಳಿಯಿರಿ ಎಂದರು.

ಅವರು ಕಲ್ಲನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಮಣ್ಣನ್ನು ಹೊದಿಕೆಗೆ ಒರೆಸಿ ನೆಕ್ಕಿದರು. ಭಾಭಿ ನನ್ನ ಮುಖ ನೋಡಿದರು, ನಾನು ಗ್ಲೂಕೋಸ್ ಬಾಟಲಿ ನೋಡಿದೆ.

"ಇದು ಇಂದಿರಾನಗರದ್ದಾ?"

"ಹೌದು ಸರ್. ಹೊಂಡದ ತಳದಲ್ಲಿ."

"ಹಂಗಾದ್ರೆ ಕಂಗ್ರಾಜುಲೇಷನ್ಸ್ ಮೇಡಂ. ನೀವಿಬ್ರೂ ಬೆಂಗಳೂರಲ್ಲಿ ಜ್ವಾಲಾಮುಖಿ ಕಂಡುಹಿಡಿ‍ದಿದೀರಿ."

ನಾವು ಪಿಳಿಪಿಳಿ ಕಣ್ಣು ಬಿಟ್ಟೆವು. ಅವರು ಕಲ್ಲನ್ನು ಬೆಳಕಿಗೆ ಹಿಡಿದರು. "ಈ ಬಿಳಿ ಚುಕ್ಕೆ ನೋಡಿ. ಇವೆಲ್ಲ ಗಾಳಿಗುಳ್ಳೆ ಇದ್ದ ಜಾಗ, ಆಮೇಲೆ ಹರಳು ತುಂಬ್ಕೊಂಡಿದೆ. ನೆಲದ ಮೇಲೆ ಬಂದು ಹರಿದ ಲಾವಾ ಇದು. ಆಳದಲ್ಲಿ ಆರಿದ ಡೈಕ್‌ನಲ್ಲಿ ಇಂಥ ಗುಳ್ಳೆ ಎಲ್ಲಿ ಬರ್ಬೇಕು?" ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಪುಣೆ ಹತ್ರ ಘಾಟಿದು ಅಲ್ವಾ? ಮದ್ವೆ ಆದ ಹೊಸದ್ರಲ್ಲಿ ಹೋಗಿದ್ವಲ್ಲ. ಟ್ರೇನಲ್ಲಿ ಜಾಗ ಇಲ್ದೇ ನಿನ್ ಮಡಿಲಲ್ಲಿ ಇಟ್ಟಿದ್ದೆ."

"ನಂಗೆ ಎಲ್ಲಾ ಕಲ್ಲೂ ಒಂದೇ ಥರ ಕಾಣುತ್ತೆ ಜೀ, ಏನ್ ಮಾಡ್ಲಿ" ಎಂದು ಭಾಭಿ ಸೆರಗು ಬಾಯಿಗೆ ಒತ್ತಿಕೊಂಡರು.

ನಾನು ನಗಲು ಸಿದ್ಧಳಾಗಿದ್ದೆ, ಅವರು ನಗಲಿಲ್ಲ. "ಅಲ್ಲಿ ಏನಿತ್ತು ಮೇಡಂ?" ಎಂದರು.

"ಪಟ್ಟೆ ಕಲ್ಲು ಸರ್. ಬರೀ ಅದೇ."

"ಕರೀದು ಒಂದು ಗೆರೆನೂ?"

"ಇಲ್ಲ ಸರ್."

ಅವರು ಕಲ್ಲನ್ನು ದಿಂಬಿನ ಪಕ್ಕಕ್ಕೆ ಇಟ್ಟು ಫ್ಯಾನು ನೋಡಿದರು. ಮೂವತ್ತು ವರ್ಷ ಎಳೆದ ಗೆರೆ ಅಳಿಸಿಹೋಯಿತಲ್ಲ ಎಂಬ ಸಂಕಟ ಎಂದುಕೊಂಡೆ. ಅವರು ಯೋಚಿಸುತ್ತಿದ್ದದ್ದೇ ಬೇರೆ. "ಒಂದು ಕಲ್ಲಿಗೋಸ್ಕರ ಇಬ್ರೂ ಸೇರಿ ಮಣ್ಣೆಲ್ಲ ಬಳಿದು ಇಷ್ಟು ಕಷ್ಟಪಟ್ಟಿದೀರಿ ಅಂದ್ರೆ, ಡಾಕ್ಟರ್ ಇನ್ನೇನೋ ಹೇಳಿದಾರೆ. ಏನದು?"

ಭಾಭಿ ಏನಿಲ್ಲ ಏನಿಲ್ಲ ಎಂದರು. ಅವರು ಕಾದರು. ಆ ಮನುಷ್ಯನಿಗೆ ಕಾಯುವುದು ಗೊತ್ತಿತ್ತು. ಕೊನೆಗೆ ಭಾಭಿ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟರು. ಟೇಬಲ್ಲು, ಮಾತ್ರೆ, ತಿಂಗಳುಗಳು ಎಲ್ಲ.

"ಅಂದ್ರೆ ಎರಡು ದಾರಿ ಇತ್ತು."

"ಇತ್ತು."

"ನನ್ನ ಕೇಳ್ಲಿಲ್ಲ."

"ಕೇಳಿದ್ರೆ ಭಯ ಪಡ್ತೀರಿ ಅಂತ."

"ಪಡ್ತೀನಿ. ಈಗ ಪಟ್ಟೆ. ಆಯ್ತಲ್ಲ." ಅವರಿಗೆ ನಿಜಕ್ಕೂ ಸಿಟ್ಟು ಬಂದದ್ದನ್ನು ನಾನು ಅವತ್ತು ನೋಡಿದೆ. ನನಗೆ ನಾಚಿಕೆಯಾಯಿತು, ಅವರ ಮೇಲೆ ಕೋಪವೂ ಬಂತು, ಎರಡೂ ಸೇರಿ ಅಳು ಬಂತು. ಅವರು ಗಂಟೆ ಒತ್ತಿ ಡಾಕ್ಟರನ್ನು ಕರೆಸಿ, ವೈವಾ ಪರೀಕ್ಷೆಯ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು. ಪಾಪ, ಆ ಡಾಕ್ಟರು ಎರಡು ಸಲ ಬೆವರು ಒರೆಸಿಕೊಂಡರು. ಎಲ್ಲ ಮುಗಿದ ಮೇಲೆ ಇವರು, ಮಾತ್ರೆ ಸಾಕು, ಮನೆಗೆ ಹೋಗುತ್ತೇನೆ ಎಂದರು. ನಾನು ಬೇಡವೆಂದು ಜಗಳವಾಡಿದೆ. ಹಠಮಾರಿ ಎಂದೆ, ಭಾಭಿಯ ಗತಿ ಏನು ಎಂದೆ.

"ಬೈರಿ ಮೇಡಂ, ಎಷ್ಟು ಬೇಕಾದ್ರೂ ಬೈರಿ. ನಾಡಿದ್ದು ಬೆಳಿಗ್ಗೆ ಮಾತ್ರ ಒಂದು ಆಟೊ ಕರೀರಿ."

ಆ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ಇಂದಿರಾನಗರಕ್ಕೆ ಹೋದೆವು. ಮೇಸ್ತ್ರಿ ಹೊಂಡದ ಅಂಚಿನಿಂದ ಸ್ವಲ್ಪ ದೂರ ಪ್ಲಾಸ್ಟಿಕ್ ಕುರ್ಚಿ ಹಾಕಿದ. ಕಾಂಕ್ರೀಟಿನ ಲಾರಿ ಆಗಲೇ ಬಂದು ಗರಗರ ತಿರುಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದರೆ ಮೇಸ್ತ್ರಿ, "ಸ್ವಲ್ಪ ತಡಿಯೋ, ಸಾಹೇಬ್ರು ನೋಡ್ಲತ್ತಾರ" ಎಂದು ಗದರಿಸಿ, ಕೆಳಗಿಳಿದು ಒಂದು ಚೂರು ಒಡೆದು ತಂದುಕೊಟ್ಟ. ಅವರು ನೆಕ್ಕಿ, ಕುತ್ತಿಗೆಯ ದಾರದಲ್ಲಿದ್ದ ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಹೊಂಡದ ನಾಲ್ಕೂ ಗೋಡೆಗಳನ್ನು ನಿಧಾನವಾಗಿ ನೋಡಿದರು. ನನಗೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

"ಮೇಡಂ ಸರಿಯಾಗೇ ಹೇಳಿದ್ರು. ಇಲ್ಲ" ಎಂದರು. ಚೂರನ್ನು ಜೇಬಿಗೆ ಹಾಕಿಕೊಂಡು, "ನನ್ ಲೆಕ್ಕ ತಪ್ಪು" ಎಂದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಹಂಗಾದ್ರೆ ಅವು ಎರಡು ಗೋಡೆ. ಬೇರೆ ಬೇರೆ. ಒಂದು ಹಲಸೂರಿಂದ ಈ ಕಡೆ ಎಲ್ಲೋ ನಿಂತೋಗಿದೆ, ಇಲ್ಲಾ ಪಕ್ಕಕ್ಕೆ ಸರಿದಿದೆ" ಎಂದರು. ಆ ದನಿ ಕೇಳಿ ನಾನು ಮುಖ ನೋಡಿದೆ. ರ‍್ಯಾಂಕ್ ಬಂದ ಹುಡುಗನ ಮುಖ.

ಭಾಭಿ ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತರು. ಲಾರಿಯ ಕೊಳವೆಯಿಂದ ಕಾಂಕ್ರೀಟು ಬಿದ್ದು ಪಟ್ಟೆ ಕಲ್ಲು ಒಂದು ಮೂಲೆಯಿಂದ ಮುಚ್ಚಿಹೋಗುವುದನ್ನು ಇಬ್ಬರೂ ನೋಡಿದರು. "ಈಗ ಎಲ್ಲಿ ಹುಡುಕ್ಬೇಕು?" ಎಂದು ಭಾಭಿ ಕೇಳಿದರು. ಅವರು ಕೈ ಎತ್ತಿ ಹಲಸೂರಿನ ಕಡೆ, ಆಮೇಲೆ ಸ್ವಲ್ಪ ಎಡಕ್ಕೆ ತೋರಿಸಿದರು. ಭಾಭಿ ಆ ಕೈಯನ್ನು ಕೆಳಗಿಳಿಸಿ ತಮ್ಮ ಕೈಯೊಳಗೆ ಇಟ್ಟುಕೊಂಡರು.

ವಾಪಸು ಆಟೊದಲ್ಲಿ ಅವರನ್ನು ನಡುವೆ ಕೂರಿಸಿಕೊಂಡೆವು. ಡ್ರೈವರ್ ಇನ್ನೇನು ಹೊರಡಬೇಕು, ಭಾಭಿ ಅವನ ಭುಜ ತಟ್ಟಿದರು.

"ಹಲಸೂರು ಮೇಲೆ ನಿಧಾನಕ್ಕೆ ಹೋಗಪ್ಪಾ. ದಾರೀಲಿ ಎಲ್ಲಾದ್ರೂ ಅಗೀತಿದ್ರೆ ನಿಲ್ಸು, ನೋಡ್ಕೊಂಡು ಹೋಗೋಣ."

"ಅಮ್ಮಾ, ಈ ಊರಲ್ಲಿ ಅಗೀದೇ ಇರೋ ರೋಡ್ ಯಾವ್ದಿದೆ? ಹಂಗೆ ನಿಲ್ಸ್ಕೊಂಡು ಹೋದ್ರೆ ಫ್ರೇಜರ್ ಟೌನ್ ಸೇರೋದು ಸಂಜೆ ಆಗುತ್ತೆ."

"ಆಗ್ಲಿ ಬಿಡಪ್ಪಾ" ಎಂದರು ಭಾಭಿ. "ನಮಗೇನೂ ಅವಸರ ಇಲ್ಲ."